ಚಲಚ್ಚಿತ್ರದ ವಿಜಯನಗರವೂ ಶಾಸನದ ವಿಜಯನಗರವೂ

ಪೂರ್ವಕಾಲದ ಅರಸರು ತಮ್ಮ ಕೀರ್ತಿಯನ್ನು ಪ್ರಜೆಗಳಿಗೆ ತಿಳಿಯಪಡಿಸುವುದಕ್ಕಾಗಿ ಶಿಲೆಯನ್ನೂ ತಾಮ್ರಪಟವನ್ನೂ ಆಶ್ರಯಿಸಿದರು. ಐಹೊಳೆಯ ಮೇಗುಟಿ ದೇವಾಲಯದ ಗೋಡೆಯಲ್ಲಿ ಕ್ರಿ. ಶ. ೬೩೪ರಲ್ಲಿ ರವಿಕೀರ್ತಿಯು ಕೆತ್ತಿಸಿದ ಪ್ರಶಸ್ತಿಯನ್ನು ಓದಿದವರಿಗೆ, ಇಮ್ಮಡಿ ಪುಲಕೇಶಿಗೆ ಇದಿರಾಗಿ ನಿಲ್ಲಬಲ್ಲವನು ಭೂಮಿಯ ಮೇಲೆ ಒಬ್ಬನೂ ಇರಲಿಲ್ಲವೆಂದೇ ತೋರುವುದು. ಆದರೆ ೬೪೨ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ಅದೇ ಪುಲಕೇಶಿಯ ರಾಜಧಾನಿಯನ್ನು ಗೆದ್ದುಕೊಂಡನು. ಆ ಸಂಗತಿಯನ್ನು ತಿಳಿಯಬೇಕಾದರೆ ಬಾದಾಮಿಯ ಬಂಡೆಯ ಮೇಲೆ ಪಲ್ಲವರು ಬರೆಯಿಸಿದ ಬೇರೊಂದು ಶಾಸನವನ್ನು ನೋಡಬೇಕು. ಹೀಗೆ ಒಬ್ಬನ ಹೊಗಳಿಕೆಯನ್ನು ಮತ್ತೊಬ್ಬನ ಹೊಗಳಿಕೆಯೊಡನೆ ಹೋಲಿಸಿ, ಅವೆರಡರ ನಡುವೆ ಅಡಗಿರುವ ನಿಜವನ್ನು ಹೊರತೆಗೆಯುವುದೇ ಚರಿತ್ರಕಾರನ ಕೆಲಸವಾಗಿರುವುದು.

ನಮ್ಮ ಕಾಲದ ಪ್ರಶಸ್ತಿಕಾರನು ಶಿಲ್ಪಿಯಲ್ಲ, ಚಲಚ್ಚಿತ್ರಕಾರನು. ಶಿಲಾಶಾಸನವನ್ನು ಓದುವವನು ಅದು ಪ್ರಶಸ್ತಿಯೆಂಬುದನ್ನು ಮೊದಲೇ ಬಲ್ಲನು. ಬರೆಯಿಸಿದವನ ಹೆಸರು, ಬರೆದವನ ಹೆಸರು, ಕಾಲ, ಇವೆಲ್ಲವೂ ಅದರಲ್ಲಿಯೇ ಇರುತ್ತವೆ. ಚಲಚ್ಚಿತ್ರವಾದರೋ ಕತ್ತಲೆಯ ಮಂದಿರದಲ್ಲಿ ನಮ್ಮ ಕಣ್ಣ ಮುಂದೆಯೇ ಅರಸನನ್ನು ನಡೆದಾಡಿಸಿ, ಮಾತನಾಡಿಸಿ, ಅಳಿಸಿ, ನಗಿಸಿ, ನಾವು ಆ ಕಾಲವನ್ನು ಪ್ರತ್ಯಕ್ಷವಾಗಿ ಕಂಡೆವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಕಣ್ಣಿನಿಂದ ಕಂಡುದನ್ನು ಯಾರು ತಾನೆ ಸಂದೇಹಿಸುವರು? ಆದುದರಿಂದ ಐತಿಹಾಸಿಕ ಚಲಚ್ಚಿತ್ರಗಳಲ್ಲಿ ರಾಜಕೀಯ ಪ್ರಚಾರವು ಹೇಗೆ ಸೇರಿಕೊಳ್ಳುವುದೆಂಬುದನ್ನು ವಿಚಾರ ಮಾಡುವುದು ಅವಶ್ಯಕವಾಗಿದೆ. ಕಮಲಾಪುರ, ಹೊಸಪೇಟೆ, ಕಂಪ್ಲಿ, ಸಂಡೂರುಗಳ ನಿವಾಸಿಗಳಿಗಂತೂ ಇದು ದೂರದ ವಿಷಯವಲ್ಲ. ತೆರೆಯ ಮೇಲೆ ಕಾಣುವ ವಿಜಯನಗರವು ಯಾವ ಊರಿನದೋ ಆ ಊರಿನ ಕಲ್ಲುಗಳು ನಮ್ಮ ಹೊಲಗದ್ದೆಗಳ ಬದುಗಳಲ್ಲಿಯೇ ನಿಂತಿವೆ.

ಪ್ರಚಾರವೆಂದರೆ ಸುಳ್ಳು ಹೇಳುವುದೆಂದು ಅನೇಕರು ತಿಳಿದಿರುವರು. ಇದು ಸರಿಯಾದ ತಿಳಿವಳಿಕೆಯಲ್ಲ. ಒಂದೂ ಸುಳ್ಳನ್ನು ಹೇಳದೆಯೇ ಪ್ರಚಾರ ಮಾಡುವುದು ಸಾಧ್ಯ. ಅದಕ್ಕೆ ಮೂರು ದಾರಿಗಳಿವೆ. ಇಂದಿನ ಕಾಲಕ್ಕೆ ಬೇಕಾದ ಹಿಂದಿನ ಘಟನೆಯನ್ನು ಆರಿಸಿಕೊಳ್ಳುವುದು ಮೊದಲನೆಯದು; ಇಂದಿನ ಎದುರಾಳಿಯನ್ನು ನೆನಪಿಗೆ ತರುವಂತೆ ಹಿಂದಿನ ಶತ್ರುವನ್ನು ಚಿತ್ರಿಸುವುದು ಎರಡನೆಯದು; ತನ್ನ ಕಥೆಗೆ ಒಗ್ಗದ ಸಂಗತಿಗಳನ್ನು ಸದ್ದಿಲ್ಲದೆ ಬಿಟ್ಟುಬಿಡುವುದು ಮೂರನೆಯದು. ಈ ಮೂರರಲ್ಲಿ ಕಡೆಯದೇ ಹೆಚ್ಚು ಬಲವುಳ್ಳದ್ದು. ಏಕೆಂದರೆ, ಹೇಳಿದ ಸುಳ್ಳನ್ನು ಖಂಡಿಸಬಹುದು. ಹೇಳದೆ ಬಿಟ್ಟ ನಿಜವನ್ನು ನೋಡುವವನು ಹುಡುಕುವುದೇ ಇಲ್ಲ.

ಪರದೇಶಗಳ ಕೆಲವು ನಿದರ್ಶನಗಳನ್ನು ಮೊದಲು ನೋಡೋಣ. ಇಟಲಿಯ ಮುಸೊಲಿನಿಯ ಸರಕಾರವು ೧೯೩೫-೩೬ರಲ್ಲಿ ಆಫ್ರಿಕದ ಇಥಿಯೋಪಿಯವನ್ನು ಆಕ್ರಮಿಸಿತು. ಅದರ ಮರುವರ್ಷವೇ, ಎಂದರೆ ೧೯೩೭ರಲ್ಲಿ, ಆ ಸರಕಾರದ ಬೆಂಬಲದಿಂದ ‘ಶಿಪಿಯೋನೆ ಲಾಫ್ರಿಕಾನೊ’ ಎಂಬ ಭಾರಿ ಚಿತ್ರವು ಹೊರಬಂದಿತು. ಎರಡು ಸಾವಿರ ವರ್ಷಗಳಿಗೂ ಹಿಂದೆ ರೋಮಿನ ಸೇನಾಪತಿಯು ಆಫ್ರಿಕಕ್ಕೆ ದಂಡೆತ್ತಿಹೋಗಿ ಕಾರ್ಥೇಜಿನ ಹ್ಯಾನಿಬಲನನ್ನು ಗೆದ್ದ ಕಥೆ ಅದು. ಕಥೆಯಲ್ಲಿ ಮುಖ್ಯವಾದುದು ನಿಜವೇ. ಆದರೆ ಆ ನಿಜಕ್ಕೆ ೧೯೩೭ರಲ್ಲಿ ಬೇರೊಂದು ಕೆಲಸವನ್ನು ವಹಿಸಲಾಗಿದ್ದಿತು.

ರಷ್ಯದ ಐಸೆನ್‌ಸ್ಟೈನನ ‘ಅಲೆಕ್ಸಾಂಡರ್ ನೆವ್‌ಸ್ಕಿ’ಯ ಕಥೆಯು ಇನ್ನೂ ವಿಚಿತ್ರವಾದುದು. ೧೨೪೨ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಜರ್ಮನ್ ಯೋಧರನ್ನು ಸೋಲಿಸಿದ ರಾಜಕುಮಾರನನ್ನು ಕುರಿತ ಈ ಚಿತ್ರವು ೧೯೩೮ರ ಡಿಸೆಂಬರಿನಲ್ಲಿ ಬಂದಿತು. ೧೯೩೯ರ ಆಗಸ್ಟಿನಲ್ಲಿ ರಷ್ಯ ಜರ್ಮನಿಗಳ ನಡುವೆ ಒಪ್ಪಂದವಾದೊಡನೆ ಅದನ್ನು ಚಿತ್ರಮಂದಿರಗಳಿಂದ ಹಿಂದಕ್ಕೆ ತೆಗೆದುಕೊಂಡರು. ೧೯೪೧ರ ಜೂನಿನಲ್ಲಿ ಹಿಟ್ಲರನ ಸೇನೆಯು ರಷ್ಯದ ಮೇಲೆ ಬಿದ್ದೊಡನೆ ಪುನಃ ತೋರಿಸಲಾರಂಭಿಸಿದರು. ೧೨೪೨ರ ಯುದ್ಧವು ಮಾತ್ರ ಈ ಮೂರು ವರ್ಷಗಳಲ್ಲಿ ಎಳ್ಳಷ್ಟೂ ಬದಲಾಗಿರಲಿಲ್ಲ. ಐತಿಹಾಸಿಕ ಚಿತ್ರವು ಹಿಂದಿನ ಕಾಲಕ್ಕಿಂತ ತಾನು ಹುಟ್ಟಿದ ಕಾಲವನ್ನೇ ಹೆಚ್ಚಾಗಿ ತಿಳಿಸುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಜರ್ಮನಿಯಲ್ಲಿ ಪ್ರಚಾರಮಂತ್ರಿ ಗೋಬೆಲ್ಸನ ಆಜ್ಞೆಯಂತೆ ೧೯೪೩ರಲ್ಲಿ ಆರಂಭವಾದ ‘ಕೋಲ್‌ಬರ್ಗ್’ ಚಿತ್ರವು, ೧೮೦೭ರಲ್ಲಿ ಒಂದು ಪಟ್ಟಣದ ಜನರು ನೆಪೋಲಿಯನ್ನನ ಸೇನೆಗೆ ಮಣಿಯದೆ ನಿಂತುದನ್ನು ತೋರಿಸಿತು. ಅದು ೧೯೪೫ರ ಜನವರಿ ೩೦ರಂದು ಬಿಡುಗಡೆಯಾಯಿತು. ಮಾರ್ಚ್ ತಿಂಗಳಿನಲ್ಲಿಯೇ ನಿಜವಾದ ಕೋಲ್‌ಬರ್ಗ್ ಪಟ್ಟಣವು ಶತ್ರುಗಳ ಕೈಸೇರಿತು. ತೆರೆಯ ಮೇಲಣ ಕೋಟೆಯು ನಿಜವಾದ ಕೋಟೆಯನ್ನು ಕಾಯಲಾರದು.

ಇವು ಸರ್ವಾಧಿಕಾರಿಗಳ ದೇಶದ ಮಾತುಗಳೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಇಂಗ್ಲೆಂಡಿನಲ್ಲಿ ಲಾರೆನ್ಸ್ ಒಲಿವಿಯೆ ಎಂಬ ನಟನು ಯುದ್ಧದ ನಡುವೆ, ೧೯೪೪ರಲ್ಲಿ, ಶೇಕ್ಸ್‌ಪಿಯರನ ‘ಐದನೆಯ ಹೆನ್ರಿ’ಯನ್ನು ಚಿತ್ರವಾಗಿಸಿದಾಗ, ಸೆರೆಸಿಕ್ಕ ಫ್ರೆಂಚರನ್ನು ಕೊಲ್ಲಿರೆಂದು ಹೆನ್ರಿಯು ಆಜ್ಞೆ ಮಾಡುವ ಭಾಗವನ್ನು ಬಿಟ್ಟುಬಿಟ್ಟನು. ಉದ್ದೇಶವು ಒಳ್ಳೆಯದೇ ಆಗಿದ್ದಿತು. ಆದರೆ ದಾರಿಯು ಆ ಮೂರನೆಯದೇ. ನಮ್ಮ ದೇಶದಲ್ಲಿ ಸೊಹ್ರಾಬ್ ಮೋದಿಯವರು ೧೯೪೧ರಲ್ಲಿ ತೆಗೆದ ‘ಸಿಕಂದರ್’ ಎಂಬ ಹಿಂದಿ ಚಿತ್ರದಲ್ಲಿ, ಪರದೇಶದಿಂದ ಬಂದ ಅಲೆಕ್ಸಾಂಡರನನ್ನು ತಡೆದು ನಿಲ್ಲುವ ಪೌರವನನ್ನು ಕಂಡ ಜನರು ತಮ್ಮ ಕಾಲದ ಪರದೇಶೀಯರನ್ನು ನೆನೆದುಕೊಂಡರು. ಬ್ರಿಟಿಷರಿಗೂ ಇದು ಅರ್ಥವಾಗಿ, ದಂಡಿನ ಪ್ರದೇಶಗಳ ಕೆಲವು ಚಿತ್ರಮಂದಿರಗಳಲ್ಲಿ ಅದನ್ನು ತೋರಿಸಗೊಡಲಿಲ್ಲ. ಹೀಗೆ ಪ್ರಚಾರವು ಅರಸನ ಕೈಯಲ್ಲಿಯೂ ಇರಬಹುದು, ಅರಸನಿಗೆ ಇದಿರಾದವನ ಕೈಯಲ್ಲಿಯೂ ಇರಬಹುದು. ಆದುದರಿಂದ ಪ್ರಚಾರವಿದೆಯೆಂದ ಮಾತ್ರಕ್ಕೆ ಒಂದು ಚಿತ್ರವನ್ನು ನಿಂದಿಸಬೇಕಾಗಿಲ್ಲ. ಅದು ಯಾವ ಪಕ್ಷಕ್ಕಾಗಿ, ಏನನ್ನು ಮರೆಸಿ ಮಾತನಾಡುತ್ತದೆಯೆಂಬುದನ್ನು ಕೇಳಬೇಕು.

ಇನ್ನು ಕನ್ನಡನಾಡಿನ ಮಾತಿಗೆ ಬರೋಣ. ಇಲ್ಲಿ ಐತಿಹಾಸಿಕ ಚಿತ್ರಗಳ ಹಿಂದೆ ನಿಂತಿದ್ದ ರಾಜಕೀಯ ಉದ್ದೇಶವು ಕರ್ನಾಟಕದ ಏಕೀಕರಣವೇ ಆಗಿದ್ದಿತು. ಸ್ವಾತಂತ್ರ್ಯ ಬಂದ ಕಾಲಕ್ಕೆ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಇವುಗಳ ನಡುವೆ ಸಂಡೂರಿನಂಥ ಸಣ್ಣ ಸಂಸ್ಥಾನಗಳೂ ಇದ್ದವು. ಕನ್ನಡಿಗರ ಈ ಒಡಕಿಗೆ ವಿಜಯನಗರದ ರಾಜಧಾನಿಯೇ ಒಂದು ಕಣ್ಣಿಗೆ ಕಾಣುವ ದೃಷ್ಟಾಂತವಾಗಿದ್ದಿತು. ತುಂಗಭದ್ರೆಯ ಈಚೆಯ ದಡದ ಹಂಪೆ ಕಮಲಾಪುರಗಳು ಮದರಾಸಿಗೆ ಸೇರಿದ್ದವು. ಆಚೆಯ ದಡದ ಆನೆಗೊಂದಿಯು ನಿಜಾಮನಿಗೆ ಸೇರಿದ್ದಿತು. ಒಂದೇ ಪಟ್ಟಣದ ಎರಡು ಭಾಗಗಳ ನಡುವೆ ಹೊಳೆಯೇ ಗಡಿಯಾಯಿತು. ೧೯೪೯ರಲ್ಲಿ ಸಂಡೂರು ಮದರಾಸಿನಲ್ಲಿ ಲೀನವಾಯಿತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗಗಳು ಅದಕ್ಕೆ ಹೋಗಿ, ಹೊಸಪೇಟೆಯೇ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಬಂದವು. ಆನೆಗೊಂದಿಯು ನಮ್ಮೊಡನೆ ಸೇರಲು ೧೯೫೬ರ ನವೆಂಬರ್ ೧ರವರೆಗೆ ಕಾಯಬೇಕಾಯಿತು.

ಇಂಥ ಒಡೆದ ನಾಡನ್ನು ಒಂದುಗೂಡಿಸಲು ಹಿರಿಯರು ಹಿಂದಿನ ವೈಭವದ ನೆನಪನ್ನೇ ಸಾಧನವಾಗಿ ಮಾಡಿಕೊಂಡರು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು ೧೯೧೭ರಲ್ಲಿ ಪ್ರಕಟವಾಯಿತು. ೧೯೩೬ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ನಡೆದು, ಧಾರವಾಡದಿಂದ ಸ್ಮಾರಕ ಸಂಪುಟವೊಂದು ಹೊರಬಂದಿತು. ಪುಸ್ತಕವನ್ನು ಓದಬಲ್ಲವರು ಅಂದು ಕೆಲವರು. ಚಿತ್ರವನ್ನು ನೋಡಬಲ್ಲವರು ಎಲ್ಲರೂ. ೧೯೩೪ರ ‘ಸತೀ ಸುಲೋಚನ’ದಿಂದ ಮೊದಲಾದ ಕನ್ನಡ ವಾಕ್ಚಿತ್ರಗಳು ಬಹುಕಾಲ ಪುರಾಣಗಳನ್ನೇ ನಂಬಿಕೊಂಡಿದ್ದು, ಏಕೀಕರಣದ ಅನಂತರ ಇತಿಹಾಸದ ಕಡೆಗೆ ತಿರುಗಿದುದು ಆಕಸ್ಮಿಕವಲ್ಲ.

೧೯೬೦ರಲ್ಲಿ ಬಂದ ‘ರಣಧೀರ ಕಂಠೀರವ’ವನ್ನು ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಮೊದಲಾದ ಕಲಾವಿದರೇ ಸಂಘ ಕಟ್ಟಿಕೊಂಡು ತೆಗೆದರು. ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದ, ಕನ್ನಡ ನಟರಿಗೆ ಕೆಲಸವೇ ಅಪರೂಪವಾಗಿದ್ದ ಕಾಲ ಅದು. ಅಂಥ ಕಾಲದಲ್ಲಿ ಅವರು ಆರಿಸಿಕೊಂಡ ನಾಯಕನು ಮೈಸೂರಿನ ಕಂಠೀರವ ನರಸರಾಜ ಒಡೆಯನು. ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಮಲ್ಲಯುದ್ಧದಲ್ಲಿ ಕೆಡವಿದನೆಂದು ಜನರ ಬಾಯಲ್ಲಿ ಪ್ರಸಿದ್ಧನಾದವನು. ಅಂದಿನ ಕನ್ನಡ ಪ್ರೇಕ್ಷಕನಿಗೆ ಈ ಆಯ್ಕೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ೧೯೬೧ರಲ್ಲಿ ‘ಕಿತ್ತೂರು ಚೆನ್ನಮ್ಮ’, ೧೯೬೭ರಲ್ಲಿ ‘ಇಮ್ಮಡಿ ಪುಲಕೇಶಿ’, ೧೯೭೦ರಲ್ಲಿ ‘ಶ್ರೀಕೃಷ್ಣದೇವರಾಯ’, ೧೯೭೫ರಲ್ಲಿ ‘ಮಯೂರ’ ಬಂದವು. ಈ ನಡುವೆ, ೧೯೭೩ರ ನವೆಂಬರ್ ೧ರಂದು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಹೆಸರು ಪಡೆಯುತ್ತಿದ್ದ ನಾಡಿಗೆ ಬನವಾಸಿ, ಬಾದಾಮಿ, ಹಂಪೆ, ಮೈಸೂರು, ಕಿತ್ತೂರುಗಳಿಂದ ಒಬ್ಬೊಬ್ಬ ವೀರನನ್ನು ತಂದು ನಿಲ್ಲಿಸಿದಂತಾಯಿತು. ಬೇರೆ ಬೇರೆ ಆಡಳಿತಗಳಿಂದ ಬಂದು ಕೂಡಿದ ಜನರಿಗೆ ಈ ವೀರರೆಲ್ಲರೂ ನಮ್ಮವರೆಂಬ ಭಾವವನ್ನು ಉಂಟುಮಾಡಿದುದು ಸಣ್ಣ ಉಪಕಾರವಲ್ಲ.

ಉಪಕಾರವನ್ನು ಒಪ್ಪಿದ ಮೇಲೆ ಅದರ ಬೆಲೆಯನ್ನೂ ಎಣಿಸಬೇಕು. ‘ಕಿತ್ತೂರು ಚೆನ್ನಮ್ಮ’ನನ್ನೂ ‘ಶ್ರೀಕೃಷ್ಣದೇವರಾಯ’ನನ್ನೂ ನಿರ್ದೇಶಿಸಿದ ಬಿ. ಆರ್. ಪಂತುಲು ಅವರು ಕನ್ನಡಿಗರು. ಅವರೇ ೧೯೫೯ರಲ್ಲಿ ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಎಂಬ ಚಿತ್ರವನ್ನು ತೆಗೆದು, ೧೭೯೯ರಲ್ಲಿ ಕಂಪನಿಯವರು ಗಲ್ಲಿಗೇರಿಸಿದ ಆ ಪಾಳೆಯಗಾರನನ್ನು ತಮಿಳರ ಮನೆಮನೆಗೂ ಮುಟ್ಟಿಸಿದರು. ಒಬ್ಬನೇ ನಿರ್ದೇಶಕನು ಎರಡು ವರ್ಷಗಳೊಳಗೆ ತಮಿಳರಿಗೆ ಒಬ್ಬ ವೀರನನ್ನೂ ಕನ್ನಡಿಗರಿಗೆ ಒಬ್ಬ ವೀರರಾಣಿಯನ್ನೂ ಕೊಟ್ಟನು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಭಾಷಾಭಿಮಾನವೆಂಬುದು ಕುಶಲನಾದ ಕಲಾವಿದನ ಕೈಯಲ್ಲಿ ಯಾವ ಎರಕಕ್ಕೆ ಬೇಕಾದರೂ ಹೊಯ್ಯಬಹುದಾದ ಲೋಹವೆಂಬುದನ್ನು ಇದು ನಮಗೆ ತಿಳಿಸುತ್ತದೆ.

‘ಮಯೂರ’ವನ್ನು ತಾಳಗುಂದದ ಶಿಲಾಸ್ತಂಭದೊಡನೆ ಹೋಲಿಸಿದರೆ ಈ ಎರಕದ ಕೆಲಸವು ಚೆನ್ನಾಗಿ ಕಾಣುವುದು. ಐದನೆಯ ಶತಮಾನದ ಆ ಶಾಸನವು ಹೇಳುವುದಿಷ್ಟು: ಕದಂಬರು ಮಾನವ್ಯಗೋತ್ರದ ಬ್ರಾಹ್ಮಣರು, ಮಯೂರಶರ್ಮನು ವಿದ್ಯಾಭ್ಯಾಸಕ್ಕಾಗಿ ಕಂಚಿಗೆ ಹೋಗಿದ್ದಾಗ ಪಲ್ಲವರ ಕುದುರೆಯ ಸವಾರನೊಡನೆ ಜಗಳವಾಗಿ, ಅಪಮಾನದಿಂದ ಕತ್ತಿ ಹಿಡಿದನು, ಶ್ರೀಪರ್ವತದ ಕಾಡುಗಳಲ್ಲಿ ನೆಲೆಸಿ ಪಲ್ಲವರನ್ನು ಕಾಡಿದನು, ಕಡೆಗೆ ಪಲ್ಲವರೊಡನೆ ಸಂಧಿಯಾಗಿ, ಅವರ ಸೇವೆಗೆ ಸೇರಿ, ಅವರಿಂದಲೇ ಪಟ್ಟವನ್ನೂ ನಾಡನ್ನೂ ಪಡೆದನು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ ಚಿತ್ರದಲ್ಲಿಯಾದರೋ, ಬ್ರಾಹ್ಮಣನಾಗಿ ಬೆಳೆದ ಮಯೂರನು ತಾನು ಹುಟ್ಟಿನಿಂದ ಕದಂಬ ರಾಜಪುತ್ರನೆಂದು ತಿಳಿದು, ಕಳೆದುಹೋದ ರಾಜ್ಯವನ್ನು ಮರಳಿ ಪಡೆಯಲು ಹೊರಡುತ್ತಾನೆ. ಶಾಸನದ ಮಯೂರನು ಓದಲು ಹೋಗಿ ರಾಜ್ಯ ಕಟ್ಟಿದವನು. ಚಿತ್ರದ ಮಯೂರನು ತನ್ನದನ್ನು ತಾನು ಕೇಳಿ ಪಡೆದವನು. ಹೊಸದಾಗಿ ನಾಮಕರಣವಾಗಿದ್ದ ಕರ್ನಾಟಕಕ್ಕೆ ಎರಡನೆಯ ಕಥೆಯೇ ಹಿತವಾಗಿದ್ದಿತು. ರಾಜ್ಯವು ಹೊಸದಾಗಿ ಹುಟ್ಟಿದುದಲ್ಲ, ಮೊದಲಿನಿಂದಲೂ ನಮ್ಮದೇ ಆಗಿದ್ದು ಕೈತಪ್ಪಿಹೋಗಿದ್ದಿತೆಂಬುದೇ ಏಕೀಕರಣದ ವಾದವೂ ಆಗಿತ್ತಷ್ಟೆ.

ಈಗ ನಮ್ಮ ಹಂಪೆಯ ಅರಸನನ್ನು ನೋಡೋಣ. ಕೃಷ್ಣದೇವರಾಯನು (೧೫೦೯-೧೫೨೯) ತೆರೆಯ ಮೇಲೆ ಎರಡು ಭಾಷೆಗಳಲ್ಲಿ ಆಳಿದವನು. ೧೯೫೧ರಲ್ಲಿ, ಕಮಲಾಪುರವಿನ್ನೂ ಮದರಾಸಿಗೆ ಸೇರಿದ್ದಾಗ, ಬಿ. ಎನ್. ರೆಡ್ಡಿಯವರು ತೆಲುಗಿನಲ್ಲಿ ‘ಮಲ್ಲೀಶ್ವರಿ’ಯನ್ನು ತೆಗೆದರು. ೧೯೬೨ರಲ್ಲಿ ‘ಮಹಾಮಂತ್ರಿ ತಿಮ್ಮರುಸು’ ಬಂದಿತು, ಅದರಲ್ಲಿ ಎನ್. ಟಿ. ರಾಮರಾಯರು ಕೃಷ್ಣದೇವರಾಯನಾದರು. ೧೯೭೦ರ ಕನ್ನಡ ಚಿತ್ರದಲ್ಲಿ ರಾಜಕುಮಾರರು ಅದೇ ಅರಸನಾಗಿಯೂ ಸ್ವತಃ ಪಂತುಲು ಅವರು ತಿಮ್ಮರಸುವಾಗಿಯೂ ಕಾಣಿಸಿಕೊಂಡರು. ತೆಲುಗರ ರಾಯನು ಆಂಧ್ರಭೋಜನು. ಕನ್ನಡಿಗರ ರಾಯನು ಕನ್ನಡರಾಜ್ಯರಮಾರಮಣನು. ಎರಡು ರಾಜ್ಯಗಳು ಒಬ್ಬ ಅರಸನನ್ನು ಪಾಲು ಹಂಚಿಕೊಂಡಂತಾಯಿತು.

ಆ ಅರಸನೇ ಬಂದು ಈ ವ್ಯಾಜ್ಯವನ್ನು ಕೇಳಿದ್ದರೆ ಆಶ್ಚರ್ಯಪಡುತ್ತಿದ್ದನು. ಅವನ ‘ಆಮುಕ್ತಮಾಲ್ಯದ’ವು ತೆಲುಗಿನ ಕಾವ್ಯವೆಂಬುದು ಎಷ್ಟು ನಿಜವೋ, ಅವನ ಪಟ್ಟಾಭಿಷೇಕದ ಸಂದರ್ಭದ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಸಂಸ್ಕೃತದೊಡನೆ ಕನ್ನಡವಿರುವುದೂ ಅಷ್ಟೇ ನಿಜ. ಕುಮಾರವ್ಯಾಸನು ಬಿಟ್ಟ ಕನ್ನಡ ಭಾರತದ ಮುಂದಿನ ಪರ್ವಗಳನ್ನು ತಿಮ್ಮಣ್ಣಕವಿಯು ಬರೆದುದು ಅವನ ಆಶ್ರಯದಲ್ಲಿ. ಅವನ ಶಾಸನಗಳು ತಮಿಳಿನಲ್ಲಿಯೂ ಇವೆ. ಆಯಾ ನಾಡಿನಲ್ಲಿ ಆಯಾ ಭಾಷೆಯಲ್ಲಿ ಮಾತನಾಡುವುದು ಆ ಸಾಮ್ರಾಜ್ಯದ ರೀತಿಯೇ ಆಗಿದ್ದಿತು. ಭಾಷೆಗೊಂದು ರಾಜ್ಯವೆಂಬ ಇಪ್ಪತ್ತನೆಯ ಶತಮಾನದ ನಿಯಮವನ್ನು ಹದಿನಾರನೆಯ ಶತಮಾನಕ್ಕೆ ತೊಡಿಸಿದರೆ ಉಡುಪು ಚೆಂದವಾಗಿದ್ದರೂ ಅಳತೆಯು ಕೂಡದು.

ತೆರೆಯ ರಾಯನು ಸುಂದರನು. ೧೫೨೦ರ ಸುಮಾರಿಗೆ ಅವನನ್ನು ಕಣ್ಣಾರೆ ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು, ಅರಸನು ಮಧ್ಯಮ ಎತ್ತರದವನು, ಸ್ವಲ್ಪ ಸ್ಥೂಲಕಾಯನು, ಮುಖದಲ್ಲಿ ಸಿಡುಬಿನ ಕಲೆಗಳುಳ್ಳವನು ಎಂದು ಬರೆದಿರುವನು. ರಾಜಕುಮಾರರ ಮುಖದಲ್ಲಾಗಲಿ ರಾಮರಾಯರ ಮುಖದಲ್ಲಾಗಲಿ ಆ ಕಲೆಗಳನ್ನು ನಾವು ಕಾಣೆವು. ಇದು ಸಣ್ಣ ಮಾತು. ದೊಡ್ಡ ಮಾತೆಂದರೆ ಬೆವರಿನದು. ಹೊಸಪೇಟೆಯ ಬಳಿಯಲ್ಲಿ, ಸಂಡೂರಿನ ದಾರಿಯ ಗುಡ್ಡಗಳ ನಡುವೆ ಇರುವ ರಾಯರ ಕೆರೆಯೆಂದು ವಿದ್ವಾಂಸರು ಗುರುತಿಸುವ ಒಂದು ಮಹಾ ತಟಾಕವನ್ನು ಅರಸನು ಕಟ್ಟಿಸುತ್ತಿದ್ದುದನ್ನು ಪಾಯೆಸನು ನೋಡಿದನು. ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ದುಡಿಯುತ್ತಿದ್ದರೆಂದೂ, ಏರಿಯು ಎರಡು ಮೂರು ಸಲ ಒಡೆದುಹೋದ ಮೇಲೆ, ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳನ್ನು ಅಲ್ಲಿಗೆ ತರಿಸಿ ಬಲಿಕೊಡಿಸಿದರೆಂದೂ ಅವನು ಹೇಳುತ್ತಾನೆ. ಅನಂತರ ಬಂದ ನೂನಿಜನು, ಒಕ್ಕಲಿಗರು ಬೆಳೆದುದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಒಡೆಯರಿಗೆ ಕೊಡಬೇಕಾಗಿದ್ದಿತೆಂದು ಬರೆಯುತ್ತಾನೆ. ಇದು ಅತಿಶಯೋಕ್ತಿಯಾದರೂ ಭಾರವು ಹಗುರವಾಗಿರಲಿಲ್ಲವೆಂಬುದು ಇದರಿಂದ ತಿಳಿಯುವುದು. ಚಿತ್ರಗಳ ಪ್ರಜೆಗಳು ಬೀದಿಯ ಇಕ್ಕೆಲಗಳಲ್ಲಿ ನಿಂತು ಜಯಜಯಕಾರ ಮಾಡುವವರು. ಕೆರೆಯ ಮಣ್ಣು ಹೊತ್ತವರು ಅಲ್ಲಿ ಕಾಣರು. ಈ ವಿಷಯದಲ್ಲಿ ‘ಮಲ್ಲೀಶ್ವರಿ’ಗೆ ಒಂದು ಮೆಚ್ಚಿಕೆಯ ಮಾತು ಸಲ್ಲಬೇಕು. ಅರಮನೆಯ ಪಲ್ಲಕ್ಕಿಯು ಬಂದು ಹಳ್ಳಿಯ ಹುಡುಗಿಯೊಬ್ಬಳನ್ನು ರಾಣಿವಾಸಕ್ಕೆ ಕೊಂಡೊಯ್ದಾಗ ಅವಳ ಬಾಳು ಏನಾಯಿತೆಂಬುದನ್ನು ಆ ಚಿತ್ರವು ಕೇಳಿತು. ಕಥೆಯು ಕಲ್ಪಿತವಾದರೂ ಕೇಳಿದ ಪ್ರಶ್ನೆಯು ಇತಿಹಾಸದ ಪ್ರಶ್ನೆಯೇ ಆಗಿದೆ.

ಇದಕ್ಕಿಂತಲೂ ಮುಖ್ಯವಾದ ಮತ್ತೊಂದು ವಿಷಯವಿದೆ. ವಿಜಯನಗರದ ಕಥೆಯನ್ನು ಎರಡು ಧರ್ಮಗಳ ಎರಡು ನೂರು ವರ್ಷಗಳ ಎಡೆಬಿಡದ ಹೋರಾಟವೆಂದು ಹೇಳುವ ವಾಡಿಕೆಯು ಪುಸ್ತಕಗಳಿಂದ ಹುಟ್ಟಿ, ನಾಟಕ ಚಿತ್ರಗಳ ಮೂಲಕ ಮನೆಮನೆಗೆ ಹಬ್ಬಿತು. ೧೯೦೦ರಲ್ಲಿ ‘ಮರೆತುಹೋದ ಸಾಮ್ರಾಜ್ಯ’ವನ್ನು ಬರೆದ ರಾಬರ್ಟ್ ಸಿವೆಲ್ ಸಾಹೇಬನು ಈ ಸಾಮ್ರಾಜ್ಯವನ್ನು ಮುಸಲ್ಮಾನರ ಪ್ರವಾಹಕ್ಕೆ ಅಡ್ಡಲಾದ ಕಟ್ಟೆಯೆಂಬಂತೆ ವರ್ಣಿಸಿದನು. ಅವನ ಶ್ರಮಕ್ಕೆ ನಾವು ಋಣಿಗಳು. ಆದರೆ ನಮ್ಮ ಕಲ್ಲುಗಳು ಇಷ್ಟನ್ನೇ ಹೇಳುವುದಿಲ್ಲ.

ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ದಾರಿಯ ಬಳಿ ಅಹಮದಖಾನನ ಮಸೀದಿಯಿದೆ. ೧೪೩೯ರ ಅದರ ಶಾಸನವು ಕನ್ನಡದಲ್ಲಿದೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದಖಾನನು ಅರಸನಿಗೆ ಪುಣ್ಯವಾಗಲೆಂದು ಈ ‘ಧರ್ಮಶಾಲೆ’ಯನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಅದೇ ದೇವರಾಯನು ಮುಸಲ್ಮಾನ ರಾವುತರನ್ನೂ ಬಿಲ್ಲಾಳುಗಳನ್ನೂ ತನ್ನ ಸೇನೆಗೆ ಸೇರಿಸಿಕೊಂಡು, ಅವರ ನಮಸ್ಕಾರಕ್ಕೆ ಅಡ್ಡಿಯಾಗದಿರಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ್ದನೆಂದು ಫೆರಿಸ್ತಾ ಬರೆದಿರುವನು. ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಕುದುರೆಗಳನ್ನು ಹಿಡಿದು ನಡೆಯುವ ಪರದೇಶಿಗಳನ್ನು ಶಿಲ್ಪಿಗಳು ಕೆತ್ತಿರುವರು. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲಿರುವ ಎತ್ತರದ ಕುಲ್ಲಾಯಿಯು ಹೆಸರಿನಿಂದಲೂ ರೂಪದಿಂದಲೂ ಪಾರಸಿಕರ ಕಡೆಯಿಂದ ಬಂದುದು. ೧೫೨೦ರ ರಾಯಚೂರಿನ ಮುತ್ತಿಗೆಯಲ್ಲಿ ಅವನಿಗೆ ನೆರವಾದ ಕೋವಿಕಾರರಲ್ಲಿ ಪೋರ್ತುಗೀಸರಿದ್ದರು. ಬಹಮನಿ ವಂಶದವರನ್ನು ಪುನಃ ಗದ್ದುಗೆಗೇರಿಸಿದ ಕಾರಣ ಅವನು ‘ಯವನರಾಜ್ಯಸ್ಥಾಪನಾಚಾರ್ಯ’ನೆಂಬ ಬಿರುದನ್ನೇ ಧರಿಸಿದನು. ಈ ಬಿರುದು ತೆರೆಯ ಮೇಲೆ ಮೊಳಗಿದರೆ ಪ್ರೇಕ್ಷಕರು ಬೆರಗಾಗುವರು.

ನಮ್ಮ ಪಕ್ಕದ ಕಂಪ್ಲಿಯ ಕಥೆಯೂ ಇದನ್ನೇ ಹೇಳುತ್ತದೆ. ೧೩೨೭ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೇನೆಯಿಂದ ಕಂಪಿಲರಾಯನ ರಾಜ್ಯವು ನಾಶವಾದುದೇಕೆ? ಸುಲ್ತಾನನ ವಿರುದ್ಧ ತಿರುಗಿಬಿದ್ದ ಅವನ ಬಂಧು ಬಹಾಉದ್ದೀನ್ ಗುರ್ಷಾಸ್ಪನು ಮರೆಹೊಕ್ಕಾಗ ಕಂಪಿಲರಾಯನು ಅವನನ್ನು ಒಪ್ಪಿಸಿಕೊಡಲಿಲ್ಲ. ಮರೆಹೊಕ್ಕ ಮುಸಲ್ಮಾನನೊಬ್ಬನನ್ನು ಕಾಯುವುದಕ್ಕಾಗಿ ಒಂದು ಕನ್ನಡ ರಾಜ್ಯವು ಬೆಂಕಿಗೆ ಬಿದ್ದಿತೆಂಬುದನ್ನು ಇಬ್ನ್ ಬತೂತನು ಬರೆದಿಟ್ಟಿರುವನು. ಇದಕ್ಕಿಂತ ಹಿರಿದಾದ ವೀರಕಥೆ ಯಾವುದು?

೧೫೬೫ರ ಜನವರಿಯ ರಕ್ಕಸಗಿ ತಂಗಡಗಿಯ ಕಾಳಗವನ್ನೂ ಹೀಗೆಯೇ ನೋಡಬೇಕು. ನಾಲ್ವರು ಸುಲ್ತಾನರು ಕೂಡಿ ವಿಜಯನಗರವನ್ನು ಕೆಡವಿದರೆಂಬುದು ನಿಜ. ಆ ಬಳಿಕ ನಮ್ಮ ಊರುಗಳ ಮೇಲೆ ನಡೆದ ಲೂಟಿಯ ಗುರುತುಗಳು ಇಂದಿಗೂ ಮಾಸಿಲ್ಲ. ಅದನ್ನು ಮರೆಮಾಚುವುದೂ ಇನ್ನೊಂದು ಪ್ರಚಾರವೇ ಆದೀತು. ಆದರೆ ಅದೇ ರಾಮರಾಯನು ತರುಣನಾಗಿದ್ದಾಗ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದನು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾಹನು ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದನು. ಬಿಜಾಪುರದ ಅಲಿ ಆದಿಲ್ ಷಾಹನು ಮೊದಲು ರಾಮರಾಯನೊಡನೆ ಸೇರಿ ಅಹಮದನಗರದ ಮೇಲೆ ದಂಡೆತ್ತಿದ್ದನು. ರಾಜ್ಯಗಳ ಸ್ಪರ್ಧೆ, ಕೋಟೆಗಳ ಆಸೆ, ಅಪಮಾನಗಳ ಸೇಡು, ಧರ್ಮದ ಹೆಸರು, ಇವೆಲ್ಲವೂ ಆ ಕಾಳಗದಲ್ಲಿ ಹೆಣೆದುಕೊಂಡಿದ್ದವು. ಗಿರೀಶ ಕಾರ್ನಾಡರು ೨೦೧೮ರಲ್ಲಿ ‘ರಾಕ್ಷಸ ತಂಗಡಿ’ ನಾಟಕದಲ್ಲಿ ರಾಮರಾಯನನ್ನು ಕೇಂದ್ರವಾಗಿಟ್ಟುಕೊಂಡು ಈ ಹೆಣಿಗೆಯನ್ನು ಬಿಡಿಸಿ ನೋಡಲು ಯತ್ನಿಸಿದರು. ರಂಗಭೂಮಿಯು ಮಾಡಬಹುದಾದುದನ್ನು ಚಲಚ್ಚಿತ್ರವು ಮಾಡಲಾರದೆಂದು ಹೇಳಲು ಕಾರಣವಿಲ್ಲ.

ಇಷ್ಟು ಹೇಳಿದುದರಿಂದ ಹಳೆಯ ಚಿತ್ರಗಳನ್ನು ನಾವು ತಿರಸ್ಕರಿಸಬೇಕೆಂದು ಯಾರೂ ಭಾವಿಸಬಾರದು. ಕನ್ನಡನಾಡಿನ ಎಷ್ಟೋ ಮಂದಿ ವಿಜಯನಗರದ ಹೆಸರನ್ನು ಮೊದಲು ಪ್ರೀತಿಯಿಂದ ಉಚ್ಚರಿಸಿದುದು ಆ ಚಿತ್ರಗಳ ದೆಸೆಯಿಂದಲೇ. ಒಡೆದ ನಾಡಿಗೆ ಒಗ್ಗಟ್ಟಿನ ಕಥೆಯು ಬೇಕಾಗಿದ್ದಿತು. ಅವು ಅದನ್ನು ಕೊಟ್ಟವು. ಆದರೆ ಆ ಅವಶ್ಯಕತೆಯು ಪೂರೈಸಿ ದಶಕಗಳೇ ಆದವು. ೨೦೨೧ರಲ್ಲಿ ನಮ್ಮ ಸೀಮೆಗೆ ವಿಜಯನಗರ ಜಿಲ್ಲೆಯೆಂಬ ಹೆಸರೇ ಬಂದಿದೆ. ಹೆಸರನ್ನು ಪಡೆದವರಿಗೆ ಹೆಸರಿನ ಪೂರ್ಣ ಅರ್ಥವನ್ನು ತಿಳಿಯುವ ಹೊಣೆಯೂ ಬರುತ್ತದೆ. ಹಂಪೆಗೆ ಬಂದ ಯಾತ್ರಿಕನು ಕೇಳಿದಾಗ ನಮ್ಮ ಮಕ್ಕಳು ಚಿತ್ರದ ಮಾತನ್ನು ಒಪ್ಪಿಸುವರೋ ಕಲ್ಲಿನ ಮಾತನ್ನು ಹೇಳುವರೋ ಎಂಬುದು ಸಣ್ಣ ಪ್ರಶ್ನೆಯಲ್ಲ. ನೆರೆಯವನನ್ನು ಹಿಂದಿನ ಶತ್ರುವಿನ ಸಂತಾನವೆಂದು ಎಣಿಸುವುದೋ, ಇದೇ ನಗರವನ್ನು ಕಾದವರ ಸಂತಾನವೆಂದು ಎಣಿಸುವುದೋ ಎಂಬುದು ಆ ಉತ್ತರವನ್ನೇ ಅವಲಂಬಿಸಿದೆ.

ಆದುದರಿಂದ ಐತಿಹಾಸಿಕ ಚಿತ್ರವನ್ನು ನೋಡಿ ಮನೆಗೆ ಬಂದ ಮೇಲೆ ಹಿರಿಯರು ಮಕ್ಕಳೊಡನೆ ಮೂರು ಪ್ರಶ್ನೆಗಳನ್ನು ಚರ್ಚಿಸುವುದು ಒಳ್ಳೆಯದು. ಈ ಚಿತ್ರವು ಯಾವ ವರ್ಷದಲ್ಲಿ ಬಂದಿತು, ಆಗ ನಾಡಿನಲ್ಲಿ ಏನು ನಡೆಯುತ್ತಿದ್ದಿತು? ಇದರಲ್ಲಿ ಶತ್ರುವೆಂದು ತೋರಿಸಿದವನು ಎಲ್ಲ ಕಾಲದಲ್ಲಿಯೂ ಶತ್ರುವಾಗಿದ್ದನೆ? ಈ ಕಥೆಯಲ್ಲಿ ಇರಬೇಕಾಗಿದ್ದು ಕಾಣಿಸದೆಹೋದವರು ಯಾರು? ಉತ್ತರಕ್ಕಾಗಿ ಬಹು ದೂರ ಹೋಗಬೇಕಾಗಿಲ್ಲ. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಹಂಪೆಯ ನೆಲದ ಮಾದರಿಯೇ ಇದೆ. ಅದನ್ನು ಒಮ್ಮೆ ನೋಡಿಕೊಂಡು, ತಳವಾರಘಟ್ಟದ ದಾರಿಯನ್ನು ಹಿಡಿದು, ಅಹಮದಖಾನನ ಶಾಸನದ ಮುಂದೆ ಮಕ್ಕಳನ್ನು ನಿಲ್ಲಿಸಿದರೆ ಸಾಕು. ಅದು ಕನ್ನಡದಲ್ಲಿಯೇ ಇದೆ.